ಬೆನ್ನ ಹಿಂದಿನ ಕೋಣೆ

ಹೊಸಪೇಟೆ
9 ಜೂನ್ 2024

ಗಾಯತ್ರಿ,

ಫೋನಿನಲ್ಲಿ ಧ್ವನಿ ಕಳಿಸಬೇಡ, ಪಕ್ಕದ ಮಂಚದಲ್ಲಿ ಹಾಸಿಗೆ ಹಿಡಿದ ಅತ್ತೆ ಇರುತ್ತಾರೆ, ಎಲ್ಲ ಕೇಳಿಸಿಕೊಂಡು ಸಂಜೆ ನನಗೇ ವಾಪಸ್ ಒಪ್ಪಿಸುತ್ತಾರೆ ಅಂದಿದ್ದೆಯಲ್ಲ, ಅದಕ್ಕೆ ನನ್ನ ಮಗಳು ಸುಷ್ಮಿತಾ ಒಂದು ದಾರಿ ಮಾಡಿಕೊಟ್ಟಿದ್ದಾಳೆ. ನಾನು ಎಂದಿನಂತೆ ಫೋನಿಗೆ ಮಾತಾಡುತ್ತೇನೆ. ಫೋನು ಅದನ್ನು ಅಕ್ಷರ ಮಾಡುತ್ತದೆ. ಅವಳು ಅಲ್ಲಲ್ಲಿ ತಿದ್ದಿ ನಿನಗೆ ಕಳಿಸುತ್ತಾಳೆ. "ಅಪ್ಪಾ, ಸ್ವಲ್ಪ ಸಣ್ಣದ ಹೇಳು" ಎಂದು ಈಗಲೇ ಗೊಣಗುತ್ತಿದ್ದಾಳೆ. ನನಗೆ ಸಣ್ಣದು ಬರುವುದಿಲ್ಲ, ನಿನಗೆ ಗೊತ್ತು.

ನೀನು ಹೇಳಿದ ಮಾತು ತಲೆಯಲ್ಲಿದೆ. "ನಿನ್ನ ಕಣ್ಣಿಗೆ ಕಂಪನಿಯವ್ರು ಸಂಬಳ ಕೊಡ್ತಾರ. ಒಂದಿನ ನಮ್ಮಪ್ಪನ ಸಲುವಾಗಿ ಆ ಕಣ್ಣು ಹಾಕಣ್ಣ." ಹೌದು, ವಡ್ಡು ಊರಿನ ಕಡೆಯ ಆ ಕಾರ್ಖಾನೆಯಲ್ಲಿ ಇಷ್ಟು ವರ್ಷ ಉಕ್ಕಿನ ಹಾಳೆಯ ಮೇಲೆ ಗೀರು, ಬೊಕ್ಕೆ, ತುಕ್ಕು ಹುಡುಕುವುದೇ ನನ್ನ ಕೆಲಸ. ನಿನ್ನಪ್ಪ, ನನ್ನ ಕಾಕ, ಆ ವೃದ್ಧರ ಮನೆ ಸೇರಿ ಮೂರು ತಿಂಗಳಾಯಿತು. ಅವನ ಕಾಲಿನ ನರ ಇನ್ನು ಒಂದೆರಡು ವರ್ಷದಲ್ಲಿ ಪೂರ್ತಿ ಕೈಕೊಡಬಹುದು ಅಂತ ಡಾಕ್ಟರು ಹೇಳಿದ್ದಾರೆ. ದೀಪಾವಳಿಯೊಳಗೆ ನೀನು ತೀರ್ಮಾನ ಮಾಡಬೇಕು, ಅಪ್ಪ ಅಲ್ಲೇ ಕಾಯಮ್ ಆಗಿ ಇರಬೇಕೋ ಇಲ್ಲ ಎಮ್ಮಿಗನೂರಿಗೆ ನಿನ್ನ ಮನೆಗೆ ಬರಬೇಕೋ. ನಿನ್ನ ಪ್ರಶ್ನೆ ಒಂದೇ. ಅವನು ಹಾಸಿಗೆ ಹಿಡಿದರೆ ಅಲ್ಲಿ ಹೇಗೆ ನೋಡಿಕೊಳ್ಳುತ್ತಾರೆ?

ಇವತ್ತು ಹೋಗಿದ್ದೆ. ಕಾಕ ಗೇಟಿನಲ್ಲೇ ನಿಂತಿದ್ದ. ಹಂಪಿಯಲ್ಲಿ ಗೈಡ್ ಆಗಿದ್ದಾಗಿನ ಅದೇ ಟೋಪಿ.

"ವೆಲ್ಕಮ್ ಸರ್! ಬೂಟು ಬಿಚ್ಚಲೇ ಕನಕ. ವಿಠ್ಠಲ ದೇವಸ್ಥಾನ ಅಂತ ತಿಳ್ಕ."

ಆಮೇಲೆ ನಾನು ಏನೂ ಮಾಡಬೇಕಾಗಲಿಲ್ಲ, ಅವನ ಹಿಂದೆ ನಡೆದೆ ಅಷ್ಟೆ. ಅಡುಗೆಮನೆ ತೋರಿಸಿದ, ಪಾತ್ರೆ ಕನ್ನಡಿಯಂತಿತ್ತು. ಜೋಳದ ರೊಟ್ಟಿ, ಹಲ್ಲಿಲ್ಲದವರಿಗೆ ಮೆತ್ತನೆ ಅನ್ನ. ಹಿತ್ತಲಲ್ಲಿ ಬಾಳೆ, ಕರಿಬೇವು. ಮಲಗುವ ಕೋಣೆಯಲ್ಲಿ ಹಾಸಿಗೆಯ ಬಟ್ಟೆಗೆ ಇಸ್ತ್ರಿ ಕೂಡ ಹಾಕಿದ್ದರು. ದೊಡ್ಡ ಹಾಲ್‌ನಲ್ಲಿ ನಿಲ್ಲಿಸಿ ಗೋಡೆಯ ಮೇಲಿನ ದಾನಿಗಳ ಫೋಟೊ ಒಂದೊಂದಾಗಿ ತೋರಿಸಿದ. ಹುಟ್ಟುಹಬ್ಬ, ತಿಥಿ, ಮದುವೆಯ ವಾರ್ಷಿಕೋತ್ಸವ ಅಂತ ಹೊಸಪೇಟೆಯ ಜನ ಇಲ್ಲಿಗೆ ಬಂದು ಒಂದು ಹೊತ್ತಿನ ಊಟ ಹಾಕಿಸುತ್ತಾರೆ. ಬಂದವರನ್ನೆಲ್ಲ ಸುತ್ತಿಸುವುದು ಈಗ ಕಾಕನ ಕೆಲಸ. "ಉಚ್ಚೆಂಗಪ್ಪನೋರು ಬಂದ ಮ್ಯಾಲ ಬರೋ ಮಂದಿ ಜಾಸ್ತಿ ಆಗ್ಯಾರ್ರಿ" ಎಂದು ಕಾಕನನ್ನು ತೋರಿಸಿ ಹೇಳಿದ ಮ್ಯಾನೇಜರ್ ತಿಪ್ಪೇಶ್.

ತಾಯಕ್ಕ ಎಂಬ ಮುದುಕಿ ಚೌಕಾಬಾರ ಆಡುತ್ತ ಕೂತಿದ್ದಳು. "ಇವನ ಮಾತು ನಂಬಬ್ಯಾಡಪ. ಉಪ್ಪಿಟ್ಟು ಅಂದ್ರ ಉಪ್ಪಿಟ್ಟ, ವಾರದಾಗ ನಾಕು ದಿನ."

"ಆಕಿ ಹಂಪಿ ಮಂಗ್ಯಾ ಇದ್ದಂಗ ಅದಾಳಲೇ. ಕೈಯಾಗಿಂದು ಕಸ್ಗೊಂಡು ತಿಂತಾಳ, ಮ್ಯಾಲ ರುಚಿ ಇಲ್ಲಂತಾಳ" ಎಂದ ಕಾಕ. ಅವಳು ಕವಡೆ ಎತ್ತಿ ಹೊಡೆಯಲು ಹೋದಳು. ಇಬ್ಬರೂ ನಕ್ಕರು.

ನನ್ನ ಕಣ್ಣಿಗೆ ಗೀರು ಕಾಣಲಿಲ್ಲ. ನೀನು ನಿಶ್ಚಿಂತೆಯಿಂದ ಇರಬಹುದು.

ನಿನ್ನ ಅಣ್ಣ,
ಕನಕರಾಜ್


ಎಮ್ಮಿಗನೂರು
15 ಜೂನ್ 2024

ಕನಕಣ್ಣ,

ಪತ್ರ ಎರಡು ಸಲ ಓದಿದೆ. ಪಾತ್ರೆ, ಬಾಳೆಗಿಡ, ಇಸ್ತ್ರಿ, ಫೋಟೊ ಎಲ್ಲ ಇದೆ. ಅಪ್ಪ ನಗುತ್ತಿದ್ದಾನೆ ಅಂತ ಓದಿ ಸಮಾಧಾನವಾಯಿತು.

ಆದರೆ ನಾನು ಕೇಳಿದ್ದು ಹಾಸಿಗೆ ಹಿಡಿದವರ ಬಗ್ಗೆ. ಅದರ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲ. ಅಷ್ಟು ಮುದುಕರಿರುವ ಮನೆಯಲ್ಲಿ ಏಳಲಾಗದವರು ಯಾರೂ ಇಲ್ಲವೇ? ಇದ್ದರೆ ಅವರನ್ನು ಎಲ್ಲಿ ಇಟ್ಟಿದ್ದಾರೆ?

ಇಲ್ಲಿ ನಾಟಿಗೆ ಸಸಿ ಹಾಕುವ ಮಾತು ನಡೆದಿದೆ. ಅತ್ತೆ ಹಾಗೇ ಇದ್ದಾರೆ.

ಗಾಯತ್ರಿ


ಹೊಸಪೇಟೆ
14 ಜುಲೈ 2024

ಗಾಯತ್ರಿ,

ಈ ಸಲ ಗೇಟಿನಲ್ಲೇ ಕೇಳಿದೆ. "ಕಾಕ, ಹಾಸಿಗಿ ಹಿಡಿದವ್ರು ಎಲ್ಲಿರ್ತಾರ?"

"ಅದಾರ, ಹಿಂದ. ಈಗ ಮಲಗ್ಯಾರ, ಎಬ್ಬಿಸಬಾರ್ದು. ಬಾ, ಚಾ ಆರ್ತತಿ."

ಚಹಾ ಕುಡಿದೆ. ದೊಡ್ಡ ಹಾಲ್‌ನಲ್ಲಿ ನಿಂತು ಹೊಸದಾಗಿ ಬಂದ ಎರಡು ಫೋಟೊಗಳ ಕತೆ ಕೇಳಿದೆ. ಒಂದರಲ್ಲಿ ಕಂಪ್ಲಿಯ ಅಕ್ಕಿ ಗಿರಣಿಯವರು ಸಕುಟುಂಬ ನಿಂತಿದ್ದರು. ಅವರ ಸೊಸೆ ಚಮಚದಲ್ಲಿ ಪಾಯಸ ಬಡಿಸಿ ಸೌಟು ಕೇಳಿದವರಿಗೆ ಏನು ಅಂದಳು ಎನ್ನುವುದನ್ನು ಕಾಕ ಅಭಿನಯಿಸಿ ತೋರಿಸಿದ. ಹೊಟ್ಟೆ ಹಿಡಿದು ನಕ್ಕೆ. ಬೂಟು ಹಾಕಿಕೊಂಡು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನವರೆಗೆ ಖುಷಿಯಾಗಿಯೇ ಇದ್ದೆ.

ಕೂತಮೇಲೆ ಒಂದು ಅಭ್ಯಾಸ ನನಗೆ. ನೋಡಿದ್ದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಬಿಚ್ಚಿ ನೋಡುವುದು. ಆ ದೊಡ್ಡ ಹಾಲ್ ಬಿಚ್ಚಿ ನೋಡಿದೆ. ಎದುರಿನ ಗೋಡೆ ನೆನಪಿದೆ, ಎಡಬಲ ನೆನಪಿವೆ, ಗಡಿಯಾರ ಎಲ್ಲಿದೆ ಹೇಳಬಲ್ಲೆ. ನಾಲ್ಕನೆಯ ಗೋಡೆ ಮಾತ್ರ ಇಲ್ಲವೇ ಇಲ್ಲ. ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಅದು ನನ್ನ ಬೆನ್ನಿಗೇ ಇತ್ತು.

ನನ್ನಷ್ಟಕ್ಕೆ ನಗು ಬಂತು. ನೀನು ಆಗ ಸಣ್ಣವಳು. ನಾನು ರಜೆಯಲ್ಲಿ ಕಾಕನ ಜೊತೆ ಹಂಪಿಯಲ್ಲಿ ಪ್ರವಾಸಿಗರ ಹಿಂದೆ ಸುತ್ತುತ್ತಿದ್ದೆ. ಎಲ್ಲಿಗೆ ಹೋದರೂ ಅವರನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದ. "ಕಣ್ಣಿಗೆ ಬಿಸಿಲು ಬಡದ್ರ ಕಂಬನೂ ಕಾಣಂಗಿಲ್ಲ, ಕೆತ್ತಿದ್ದೂ ಕಾಣಂಗಿಲ್ಲ" ಅನ್ನುತ್ತಿದ್ದ. ಒಂದು ದಿನ ನೋಡಿದರೆ, ಮೋಡ ಕವಿದಿದೆ, ಬಿಸಿಲೇ ಇಲ್ಲ, ಆದರೂ ಹಾಗೇ ನಿಲ್ಲಿಸಿದ್ದಾನೆ. ಅವರ ಬೆನ್ನ ಹಿಂದೆ ತಿಪ್ಪೆ, ಅದರಲ್ಲಿ ಹಂದಿ. ಕೇಳಿದ್ದಕ್ಕೆ, "ಬಂದವ್ರು ತಿರುಗಿ ನೋಡಂಗಿಲ್ಲಲೇ. ಮುಂದ ಕೈ ತೋರಿಸ್ತಿರಬೇಕು, ಅಷ್ಟ" ಅಂದ.

ಇಷ್ಟೆಲ್ಲ ಗೊತ್ತಿದ್ದೂ ನಾನು ಫ್ರಾನ್ಸಿನಿಂದ ಬಂದವನ ಹಾಗೆ ನಿಂತು ನೋಡಿ ಬಂದಿದ್ದೇನೆ. ಇನ್ನೊಮ್ಮೆ ಹೋಗುತ್ತೇನೆ.

ಕನಕರಾಜ್


ಎಮ್ಮಿಗನೂರು
20 ಜುಲೈ 2024

ಕನಕಣ್ಣ,

ಅಪ್ಪ ಬೇರೆಯವರಿಗೆ ಏನಾದರೂ ತೋರಿಸಲಿ. ನಿನಗೂ ಹಾಗೇ ಮಾಡಿದ ಅಂದರೆ ಅದು ನನಗೆ ಮುಟ್ಟಲಿ ಅಂತಲೇ ಮಾಡಿದ್ದು. ಯಾಕೆ ಅಂತ ನನಗೆ ಗೊತ್ತಿದೆ ಅನ್ನಿಸುತ್ತದೆ. ಬರೆಯುವುದಿಲ್ಲ.

ದಾನಿಗಳು ಬಂದ ದಿನ ಹೋಗು. ಅಪ್ಪ ಅವರ ಜೊತೆ ಇರುತ್ತಾನೆ, ನೀನು ಹಿಂದೆ ಹೋಗು. ಹಾಸಿಗೆಯ ಬಟ್ಟೆ ನೋಡಬೇಡ, ಅದನ್ನು ಯಾರು ಬೇಕಾದರೂ ಬದಲಿಸುತ್ತಾರೆ. ಹಿಮ್ಮಡಿ ನೋಡು. ತುಟಿ ನೋಡು. ಕುಡಿಯುವ ನೀರು ಮಲಗಿದವರ ಕೈಗೆ ಎಟಕುತ್ತದೆಯೋ ಇಲ್ಲವೋ ನೋಡು.

ನನಗೆ ಚೆಂದದ ಸುದ್ದಿ ಬೇಡ, ನಿಜ ಬೇಕು. ಅತ್ತೆ ಕರೆಯುತ್ತಿದ್ದಾರೆ.

ಗಾಯತ್ರಿ


ಹೊಸಪೇಟೆ
18 ಆಗಸ್ಟ್ 2024

ಗಾಯತ್ರಿ,

ಹೋಗಿ ಬಂದೆ. ಎಲ್ಲ ಚೆನ್ನಾಗಿದೆ. ಊರಲ್ಲೆಲ್ಲ ಡ್ಯಾಮಿನ ಕೊಚ್ಚಿಹೋದ ಗೇಟಿನದೇ ಮಾತು. ಅಂತೂ ಹೊಸದು ಕೂಡಿಸಿದರು, ನಿಮ್ಮ ಗದ್ದೆಗೆ ನೀರಿನ ಚಿಂತೆ ಇಲ್ಲ.

ಕನಕರಾಜ್


ಎಮ್ಮಿಗನೂರು
24 ಆಗಸ್ಟ್ 2024

ಕನಕಣ್ಣ,

ಗೇಟಿನ ಸುದ್ದಿ ಟಿವಿಯಲ್ಲಿ ನೋಡಿದ್ದೇನೆ.

ನೀನು ಹುಟ್ಟಿದಾಗಿನಿಂದ ಇಷ್ಟು ಕಡಿಮೆ ಮಾತಾಡಿದ್ದು ಇದೇ ಮೊದಲು. ಹೇಳಬೇಡ ಅಂತ ಅಪ್ಪ ಆಣೆ ಹಾಕಿಸಿಕೊಂಡನೇ?

ಗಾಯತ್ರಿ


ಹೊಸಪೇಟೆ
1 ಸೆಪ್ಟೆಂಬರ್ 2024

ಗಾಯತ್ರಿ,

ಆಣೆ ಹಾಕಿಸಿಕೊಳ್ಳಲಿಲ್ಲ. ಕೇಳಿಕೊಂಡ, ಅಷ್ಟೆ. ಅದೇ ಕಷ್ಟವಾಯಿತು. ಹೋದ ಸಲ ಒಂದೊಂದು ರೀತಿಯಲ್ಲಿ ಮಾತಾಡಿ ಅಳಿಸಿದೆ, ಕೊನೆಗೆ ಅಷ್ಟು ಮಾತ್ರ ಕಳಿಸಿದೆ. ಈಗ ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ಸುಷ್ಮಿತಾಗೆ ಏನನ್ನೂ ಸಣ್ಣದು ಮಾಡಬೇಡ ಅಂದಿದ್ದೇನೆ.

ಅವತ್ತು ಯಾರದೋ ಮಗುವಿನ ಹುಟ್ಟುಹಬ್ಬ. ಕಾಕ ಅವರನ್ನು ಅಡುಗೆಮನೆಯ ಕಡೆ ಕರೆದುಕೊಂಡು ಹೋದ. ನಾನು ಹಾಲಿನ ಆ ನಾಲ್ಕನೆಯ ಗೋಡೆಯಲ್ಲಿದ್ದ ಬಾಗಿಲು ದಾಟಿ ಹಿಂದೆ ಹೋದೆ. ಉದ್ದನೆಯ ಕೋಣೆ. ಫ್ಯಾನು ತಿರುಗುತ್ತಿತ್ತು. ನೆಲ ಒರೆಸಿದ್ದರು, ಫಿನಾಯಿಲಿನ ಕೆಳಗೆ ಉಚ್ಚೆಯ ವಾಸನೆ ಇತ್ತು. ಗಂಡಸರು ಈ ಕಡೆ, ಪರದೆಯ ಆಚೆ ಹೆಂಗಸರು. ಯಾರನ್ನೂ ಕಟ್ಟಿ ಹಾಕಿರಲಿಲ್ಲ, ಯಾರೂ ಹೊಡೆಯುತ್ತಿರಲಿಲ್ಲ. ಅದನ್ನೂ ಹೇಳಬೇಕು.

ಬಾಗಿಲ ಹತ್ತಿರದ ಹಾಸಿಗೆಯಲ್ಲಿ ಗವಿಸಿದ್ದಪ್ಪ ಎನ್ನುವವರು, ಕಂಪ್ಲಿಯ ಕಡೆಯವರು. ನೀನು ಹೇಳಿದ ಹಾಗೆ ಹಿಮ್ಮಡಿ ನೋಡಿದೆ, ಕೆಂಪಾಗಿ ತೊಗಲು ತೆಳ್ಳಗಾಗಿತ್ತು. ತುಟಿ ಒಡೆದು ಬಿಳಿಚಿಕೊಂಡಿತ್ತು. ನೀರಿನ ಲೋಟ ಕಿಟಕಿಯ ಮೇಲಿತ್ತು, ತುಂಬಿತ್ತು, ಮುಚ್ಚಳವೂ ಇತ್ತು. ಮಲಗಿದವರ ಕೈ ಅಲ್ಲಿಗೆ ಹೋಗುವುದಿಲ್ಲ. ಎಲ್ಲ ಲೋಟಗಳೂ ಕಿಟಕಿಯ ಮೇಲೇ ಇದ್ದವು.

ನೋಡಿಕೊಳ್ಳುವವನ ಹೆಸರು ಅಂಜಿನಿ. ನಲವತ್ತರ ಆಸುಪಾಸು, ಬೆವರಿನಲ್ಲಿ ತೊಯ್ದಿದ್ದ. ಲೋಟ ಅಲ್ಲೇಕೆ ಅಂದೆ. ಮುಚ್ಚಿಡಲಿಲ್ಲ ಅವನು.

"ಮಧ್ಯಾಹ್ನದ ಮ್ಯಾಲ ನೀರು ಕಮ್ಮಿ ಕೊಡ್ತೀನ್ರಿ. ಕುಡಿದ್ರ ಬಟ್ಟಿ ಒದ್ದಿ ಆಗ್ತಾವ. ಇಷ್ಟು ಮಂದಿಗೆ ನಾ ಒಬ್ಬವ. ಒದ್ದಿ ಬಟ್ಟ್ಯಾಗ ಮಲಗಿಸೋದ್ಕಿಂತ ಇದು ಚಲೋ ಅಲ್ಲೇನ್ರಿ?"

ಹಿಂತಿರುಗಿದರೆ ಬಾಗಿಲಲ್ಲಿ ಕಾಕ ನಿಂತಿದ್ದ. ಹುಟ್ಟುಹಬ್ಬದ ಟೋಪಿಯೊಂದನ್ನು ಯಾರೋ ಅವನ ಟೋಪಿಯ ಮೇಲೆ ಇಟ್ಟಿದ್ದರು.

"ನೋಡಿದೆಲ್ಲ. ಈಗ ಏನಂತ ಬರೀತಿ?"

"ಕಂಡಿದ್ದು ಬರೀತೀನಿ ಕಾಕ."

"ಬರಿಬ್ಯಾಡ. ಬರದ್ರ ಆಕಿ ನಾಳೆನ ಬಂದು ಕರ್ಕೊಂಡು ಹೋಗ್ತಾಳ. ಅತ್ತಿ ಒಬ್ಬಾಕಿನ್ನ ಎತ್ತಿ ಇಳಿಸಿ ಆಕಿ ಸ್ವಂಟ ಹೋಗೇತಿ. ಇನ್ನೊಬ್ಬನ್ನ ಎತ್ತಿಸ್ಬೇಕೇನು? ಚಲೋ ಐತಿ ಅಂತ ಬರಿ. ಸುಳ್ಳಲ್ಲ ಅದು. ಮುಂದಿಂದೆಲ್ಲ ಚಲೋನ ಐತಿ."

"ನೀ ಮಲಗಿದ್ರ?"

"ನಾನೂ ಈಗ ಸಂಜಿ ಮ್ಯಾಲ ನೀರು ಕುಡಿಯಂಗಿಲ್ಲ. ರೂಢಿ ಆಗ್ತತಿ ಬಿಡು."

ಹವಾಮಾನದ ಬಗ್ಗೆ ಹೇಳುವ ಹಾಗೆ ಹೇಳಿದ. ಹಾಲಿನಿಂದ ಯಾರೋ ಕೇಕು ಕತ್ತರಿಸಲು ಕೂಗಿದರು, ಹೋದ. ನಾನು ಕಿಟಕಿಯ ಲೋಟ ತೆಗೆದು ಗವಿಸಿದ್ದಪ್ಪನವರ ಬಾಯಿಗೆ ಹಿಡಿದೆ. ಪೂರ್ತಿ ಕುಡಿದರು. ಅಂಜಿನಿ ನೋಡುತ್ತ ನಿಂತಿದ್ದ. ಆ ಲೋಟದ ನೀರಿಗೆ ಒದ್ದೆಯಾದ ಬಟ್ಟೆಯನ್ನು ಆಮೇಲೆ ಅವನೇ ಬದಲಿಸಿರಬೇಕು.

ಇನ್ನು ತೀರ್ಮಾನ ನಿನ್ನದು.

ಕನಕರಾಜ್


ಎಮ್ಮಿಗನೂರು
16 ಸೆಪ್ಟೆಂಬರ್ 2024

ಕನಕಣ್ಣ,

ನಿನ್ನೆ ಹೋಗಿದ್ದೆ. ನಾದಿನಿ ಬಂದು ಅತ್ತೆಯ ಹತ್ತಿರ ಕೂತಳು, ಬೆಳಗಿನ ಬಸ್ಸಿಗೆ ಹೊರಟೆ. ನಿನಗೆ ಶಿಫ್ಟ್ ಇತ್ತು ಅಂತ ಗೊತ್ತಿತ್ತು. ಒಬ್ಬಳೇ ಹೋಗಬೇಕು ಅನ್ನಿಸಿತ್ತು.

ಗೇಟಿನಲ್ಲಿ ಅಪ್ಪ ನನ್ನನ್ನು ನೋಡಿ ಟೋಪಿ ಸರಿಮಾಡಿಕೊಂಡ. ಆಮೇಲೆ ಶುರು ಮಾಡಿದ. ಅಡುಗೆಮನೆ, ಬಾಳೆಗಿಡ, ಮಲಗುವ ಕೋಣೆ. ನಾನು ಪೂರ್ತಿ ಹೇಳಲು ಬಿಟ್ಟೆ. ಎಷ್ಟು ಚೆನ್ನಾಗಿ ಹೇಳುತ್ತಾನೆ ಅಣ್ಣ. ಸಣ್ಣವಳಿದ್ದಾಗ ನನ್ನನ್ನು ಒಂದು ದಿನವೂ ಹಂಪಿಗೆ ಕರೆದುಕೊಂಡು ಹೋಗಿರಲಿಲ್ಲ, ಹೆಣ್ಣುಮಕ್ಕಳಿಗೆ ಬಿಸಿಲು ಅನ್ನುತ್ತಿದ್ದ. ಅವನ ಕೆಲಸ ನಾನು ನೋಡಿದ್ದು ನಿನ್ನೆಯೇ.

ಹಾಲಿನಲ್ಲಿ ಫೋಟೊಗಳ ಎದುರು ನಿಲ್ಲಿಸಿದ. ಎರಡನೆಯ ಫೋಟೊಗೆ ಬಂದಾಗ ನಾನು ತಿರುಗಿ ನಿಂತೆ. ಅವನ ಮಾತು ನಿಂತಿತು.

"ಕನಕ ಹೇಳಿದ್ನಾ?"

"ಹೂಂ."

"ಆ ಮಗನ ಬಾಯಿಗೆ ಬೀಗ ಇಲ್ಲ."

ನಾನೇ ಮುಂದೆ ನಡೆದೆ. ಅಂಜಿನಿ ಪರದೆಯ ಆಚೆ ಯಾರನ್ನೋ ತೊಳೆಯುತ್ತಿದ್ದ. ಗವಿಸಿದ್ದಪ್ಪನವರು ಹಾಸಿಗೆಯ ಕೆಳತುದಿಗೆ ಜಾರಿ ಬಂದಿದ್ದರು, ಕುತ್ತಿಗೆ ಸೊಟ್ಟಗಾಗಿತ್ತು. ಕರೆದು ಕಾಯುವ ಹಾಗಿರಲಿಲ್ಲ. ಸೆರಗು ಸಿಕ್ಕಿಸಿ, ಕಂಕುಳಲ್ಲಿ ಕೈ ಹಾಕಿ ಮೇಲಕ್ಕೆ ತಂದೆ, ಮಗ್ಗುಲು ಮಾಡಿದೆ, ಹಿಮ್ಮಡಿ ತಾಕದ ಹಾಗೆ ಮೀನಖಂಡದ ಕೆಳಗೆ ದಿಂಬು ಕೊಟ್ಟೆ, ಚಮಚದಲ್ಲಿ ನೀರು ಹಾಕಿದೆ. ಮನೆಯಲ್ಲಿ ಮಾಡುವುದೇ, ವಿಶೇಷವೇನಿಲ್ಲ. ಅಪ್ಪ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಇಷ್ಟ ಸಲೀಸಾಗಿ ಎತ್ತತೀಯಲ್ಲವ್ವ" ಅಂದ.

"ದಿನಾ ಎತ್ತತೀನಲ್ಲಪ."

"ಅದಕ್ಕ ನಾ ಬ್ಯಾಡ ಅಂದಿದ್ದು."

ಅವನ ಧ್ವನಿ ಹಾಗೆ ಕೇಳಿದ್ದು ಅವ್ವ ಹೋದಾಗ ಒಂದು ಸಲ, ನಿನ್ನೆ ಒಂದು ಸಲ.

ಗೇಟಿನ ಹತ್ತಿರ ಬಂದಾಗ, ಮನೆಗೆ ಬಾ ಅಂದೆ. ಬರಲ್ಲ ಅಂದ. ನಾನು ಎರಡನೆಯ ಸಲ ಕರೆಯಲಿಲ್ಲ ಅಣ್ಣ. ಅದನ್ನೂ ನಿನಗೆ ಬರೆಯಬೇಕು. ಬಸ್ಸಿನಲ್ಲಿ ಕೂತು ಯೋಚಿಸಿದೆ, ಕರೆದಿದ್ದರೆ ಬರುತ್ತಿದ್ದನೋ ಏನೋ. ಬಂದಿದ್ದರೆ ಏನು ಮಾಡುತ್ತಿದ್ದೆನೋ ಅದೂ ಗೊತ್ತಿಲ್ಲ.

ಕಾಯಮ್ ಅಂತ ಇನ್ನೂ ಒಪ್ಪಿಲ್ಲ. ಆ ಕೋಣೆ ಹೀಗೇ ಇರುವತನಕ ಒಪ್ಪಲಾರೆ ಅಂತ ತಿಪ್ಪೇಶನಿಗೂ ಹೇಳಿದೆ, ಅಪ್ಪನಿಗೂ ಹೇಳಿದೆ. ತಿಪ್ಪೇಶ್, "ಅಕ್ಕಾರ, ಜನ ಸಿಗಂಗಿಲ್ರೀ, ಎಲ್ರೂ ಫ್ಯಾಕ್ಟರಿಗೆ ಹೋಗ್ತಾರ" ಅಂದ.

ಗಾಯತ್ರಿ


ಹೊಸಪೇಟೆ
24 ನವೆಂಬರ್ 2024

ಗಾಯತ್ರಿ,

ದೀಪಾವಳಿ ಕಳೆಯಿತು, ನೀನೂ ಬರೆಯಲಿಲ್ಲ, ನಾನೂ ಮಾತಾಡಲಿಲ್ಲ. ಅತ್ತೆಗೆ ಜ್ವರ ಅಂತ ಕೇಳಿದೆ, ಇಳಿದಿದೆ ಅಂದುಕೊಂಡಿದ್ದೇನೆ. ಇಲ್ಲಿಯದು ಹೇಳುತ್ತೇನೆ.

ನೀನು ಬಂದು ಹೋದಮೇಲೆ ಕಾಕ ಒಂದಷ್ಟು ದಿನ ಯಾರನ್ನೂ ಸುತ್ತಿಸಲಿಲ್ಲವಂತೆ. ಕಾಲು ನೋವು ಅಂದನಂತೆ. ತಾಯಕ್ಕ ಹೇಳಿದ್ದು, "ಕಾಲಲ್ಲಪ, ಬಾಯಿ ನೋವು. ಮಾತಿಲ್ಲ ಕತಿ ಇಲ್ಲ, ಚೌಕಾಬಾರದಾಗ ಮೋಸ ಮಾಡಿದ್ರೂ ಬೈಯಂಗಿಲ್ಲ. ನನಗ ಹೆದ್ರಿಕಿ ಬಂತು."

ಆಮೇಲೆ ಒಂದು ದಿನ ಹೊಸಪೇಟೆಯ ಬಟ್ಟೆ ಅಂಗಡಿಯವರು ಮದುವೆಯ ವಾರ್ಷಿಕೋತ್ಸವಕ್ಕೆ ಬಂದರು. ಕಾಕ ಟೋಪಿ ಹಾಕಿಕೊಂಡು ಗೇಟಿಗೆ ಹೋದ. ಅವರನ್ನು ಅಡುಗೆಮನೆಗೆ ಒಯ್ಯಲಿಲ್ಲ, ಫೋಟೊಗಳ ಎದುರು ನಿಲ್ಲಿಸಲಿಲ್ಲ. "ಮೊದಲು ಹಿಂದ, ಆಮ್ಯಾಲ ಕೇಕು" ಎಂದು ನೆಟ್ಟಗೆ ಆ ಕೋಣೆಗೆ ನುಗ್ಗಿಸಿದ. ತಿಪ್ಪೇಶ್ ಬೆವತು ಹೋದನಂತೆ.

"ಯಜಮಾನ್ರ, ಏನ್ ಮಾಡಾಕತ್ತೀರಿ? ಇದನ್ನ ನೋಡಿದ್ರ ಜನ ಓಡಿ ಹೋಗ್ತಾರ್ರೀ!"

"ಹಂಪ್ಯಾಗ ಮುರದ ಮೂರ್ತಿ ನೋಡಾಕ ಲಂಡನ್ನಿಂದ ಬರ್ತಿದ್ರೋ ತಿಪ್ಪೇಶ. ಇವ್ರು ಮಾರ್ಕೆಟ್ಟಿನಿಂದ ಬರಂಗಿಲ್ಲೇನು?"

ಇವತ್ತು ನಾನೇ ಗುಂಪಿನಲ್ಲಿ ಒಬ್ಬನಾಗಿ ಸುತ್ತಿದೆ. ಹಾಸಿಗೆ ಹಾಸಿಗೆಗೂ ನಿಂತು ಹೇಳುತ್ತಾನೆ. ಇವರು ಗವಿಸಿದ್ದಪ್ಪನವರು, ಕಂಪ್ಲಿ ಕಡೆ ಆಲೆಮನೆ ನಡೆಸಿದವರು, ಇವರು ಕಾಸಿದ ಬೆಲ್ಲ ಹೊಸಪೇಟೆ ಸಂತೆಗೆ ಬರುತ್ತಿತ್ತು, ನಿಮ್ಮ ಮನೆಯವರು ತಿಂದಿರಬಹುದು. ಇವರು ಹೊಳೆಮ್ಮ, ವಡ್ಡಿನವರು, ಕಾರ್ಖಾನೆ ನಿಂತ ಜಾಗದಲ್ಲಿ ಮುಂಚೆ ಇವರ ಸಜ್ಜೆ ಹೊಲ ಇತ್ತು. ಆಮೇಲೆ ಬಂದವರ ಕೈಗೆ ಲೋಟ, ಚಮಚ ಕೊಡುತ್ತಾನೆ. "ನಿಮ್ಮ ಕೈಯಿಂದ ಕುಡಸ್ರಿ. ಸಾವಕಾಶ, ನೆತ್ತಿಗೆ ಹತ್ತತೈತಿ." ಯಾರ ಬೆನ್ನಿಗೂ ಏನೂ ಬಿಡುವುದಿಲ್ಲ. ಹೆಂಗಸೊಬ್ಬಳು ಮೂಗು ಮುಚ್ಚಿಕೊಂಡು ಹೊರಗೆ ಹೋದಳು, ಕಾಕ ತಡೆಯಲಿಲ್ಲ. ಅವಳ ಗಂಡ ಹೋಗಲಿಲ್ಲ, ಬಟ್ಟೆ ಒದ್ದೆಯಾಗಿದೆ, ಬದಲಿಸುವವರು ಯಾರೂ ಇಲ್ಲವೇ ಎಂದು ತಿಪ್ಪೇಶನನ್ನು ಎಲ್ಲರೆದುರು ಕೇಳಿದ. ಇಂಥ ಪ್ರಶ್ನೆಗಳು ಪ್ರತಿ ವಾರ ಬರುತ್ತಿವೆಯಂತೆ. ದಸರಾ ಮುಗಿದಮೇಲೆ ತಿಪ್ಪೇಶ್ ಪಂಪಾವತಿ ಎಂಬ ಹೆಣ್ಣುಮಗಳನ್ನು ಬೆಳಗಿನ ಹೊತ್ತಿಗೆ ಹಾಕಿಕೊಂಡಿದ್ದಾನೆ. ಮಧ್ಯಾಹ್ನದ ಮೇಲೆ ಈಗಲೂ ಅಂಜಿನಿ ಒಬ್ಬನೇ. "ನಿಮ್ಮ ಕಾಕಾರಿಂದ ನನ್ನ ಕೈ ಒಗದು ಒಗದು ಬೆಳ್ಳಗ ಆಗ್ಯಾವ್ರಿ" ಎಂದು ತೋರಿಸಿದ. ಬೈದನೋ ನಕ್ಕನೋ ತಿಳಿಯಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಹಾಳೆ ನೋಡಿ ಮೂರು ಬಗೆಯ ಗುರುತು ಹಾಕುತ್ತೇವೆ. ಒಂದು ಪಾಸ್, ಒಂದು ತಿರಸ್ಕೃತ, ಇನ್ನೊಂದು ಮತ್ತೆ ಕೆಲಸಕ್ಕೆ, ಅಂದರೆ ತಿದ್ದಿ ಸರಿಮಾಡಬೇಕಾದ್ದು. ಮೊದಲ ಪತ್ರದಲ್ಲಿ ನಾನು ಪಾಸ್ ಅಂದಿದ್ದು ತಪ್ಪು. ಈಗ ಮೂರನೆಯದು ಹಾಕುತ್ತೇನೆ. ಗವಿಸಿದ್ದಪ್ಪನವರ ಹಿಮ್ಮಡಿ ಮಾಗುತ್ತಿದೆ. ಹೊಳೆಮ್ಮನ ಬೆನ್ನಿನ ಹುಣ್ಣು ಮಾಗುತ್ತಿಲ್ಲ. ಎರಡನ್ನೂ ಬರೆದಿದ್ದೇನೆ, ನೀನು ಕೇಳಿದ್ದು ಇದೇ ಅಲ್ಲವೇ.

ಕಾಕನ ನಡಿಗೆ ಇನ್ನಷ್ಟು ಕೆಟ್ಟಿದೆ. ಹಾಸಿಗೆಯಿಂದ ಹಾಸಿಗೆಗೆ ಮಂಚದ ಕಂಬಿ ಹಿಡಿದು ಹೋಗುತ್ತಾನೆ, ಬಂದವರಿಗೆ ಅದು ಗೊತ್ತಾಗದ ಹಾಗೆ ಮಾತಾಡುತ್ತಾನೆ. ನಾನು ಹೊರಡುವಾಗ ಇನ್ನೊಂದು ಕಾರು ಗೇಟಿನಲ್ಲಿ ನಿಂತಿತು. ಗಾಯತ್ರಿಗೆ ಏನು ಹೇಳಲಿ ಎಂದು ಕೇಳಿದೆ. ಕಾರಿನ ಕಡೆ ನೋಡುತ್ತಲೇ ಹೇಳಿದ:

"ನಾ ಮಲಗೂದ್ರೊಳಗ ಆ ರೂಮು ಸರಿ ಮಾಡ್ಕೊಂತೀನಿ ಅಂತ ಹೇಳು. ಅವಸರ ಮಾಡಬ್ಯಾಡ ಅನ್ನು, ಇನ್ನೂ ಕೆಲಸ ಭಾಳ ಐತಿ."

ಕನಕರಾಜ್